ಗಡುವಿಲ್ಲದ ಷರತ್ತು

"ಷರತ್ತಿಗೆ ಒಂದು ಗಡುವು ಹಾಕಿಸ್ಕೋ ತಮ್ಮಾ. ಕೊನೇ ದಿನ ಇಲ್ಲದ ಷರತ್ತು ಮನೆಯೊಳಗೆ ಬಂದು ಕೂತ್ರೆ ಎಬ್ಬಿಸೋಕಾಗಲ್ಲ. ಅದೂ ನಿನ್ನ ಮನೆ ಕೊಳ್ಳೋಕೆ ಬರ್ತಿರೋ ಆ ಹೆಂಗಸಿಂದು!"

ಪಕ್ಕದ ಮನೆಯ ಬ್ರೋಕರಮ್ಮ ಕಾಂಪೌಂಡಿನ ಮೇಲೆ ಬಗ್ಗಿ, ದನಿ ತಗ್ಗಿಸಿ ಹೇಳಿದಾಗ ಬಸ್ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಿಮ್ಮ ಕಮಿಷನ್ ಕೈತಪ್ಪಿತಲ್ಲ ಅಕ್ಕಾ, ಅದಕ್ಕೇ ನನ್ನ ಮೇಲೆ ದೆವ್ವ ಬಿಡ್ತಿದ್ದೀರಿ."

"ಕಮಿಷನ್ ಹಾಳಾಗ್ಲಿ. ಅವಳ ಜೊತೆ ಕರಾರು ಮಾಡ್ಕೊಂಡೋರು ಮನೆ ಮಾರಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ."

ಅವನಿಗೆ ಕಾಯುವ ಪುರುಸೊತ್ತಿರಲಿಲ್ಲ. ಎರಡೂ ಕಿಡ್ನಿ ಕೈಕೊಟ್ಟು ಹೆಂಡತಿ ದೂರದ ಊರಿನ ಆಸ್ಪತ್ರೆಯಲ್ಲಿ ಒಬ್ಬಳೇ ಮಲಗಿದ್ದಳು. ಈ ಮನೆ ಮಾರಿದರೆ ಅಲ್ಲೇ ಹತ್ತಿರದಲ್ಲೊಂದು ಗೂಡು ಮಾಡಿಕೊಂಡು ಅವಳ ಪಕ್ಕದಲ್ಲಿರಬಹುದಿತ್ತು. "ಬೇಗ ಬನ್ರೀ, ಒಬ್ಬಳಿಗೇ ಹೆದರಿಕೆ ಆಗುತ್ತೆ" ಎಂದು ಅವಳು ಫೋನಿನಲ್ಲಿ ಹೇಳುತ್ತಲೇ ಇದ್ದಳು.

ಕೊಳ್ಳುವ ಹೆಂಗಸು ಮಧ್ಯಾಹ್ನ ಬಂದಳು. ಒಣಗಿದ ಮೈ, ಮೆತ್ತನೆಯ ಮಾತು. ಅವಳೊಂದಿಗೆ ಸುಟ್ಟ ಕೂದಲಿನ ವಾಸನೆ ಒಳಗೆ ಬಂತು. ಚೌಕಾಸಿ ಮಾಡಲಿಲ್ಲ.

"ಒಂದೇ ಷರತ್ತು ಅಣ್ಣಾ. ಮೊದಲು ನನ್ನ ಹಳೇ ಮನೆ ಮಾರಾಟ ಆಗ್ಬೇಕು. ಆದ ತಕ್ಷಣ ಇದನ್ನ ಕೊಂಡ್ಕೋತೀನಿ. ಅಲ್ಲೀವರೆಗೆ ಇನ್ಯಾರಿಗೂ ಕೊಡಬಾರದು."

"ಯಾವಾಗ ಆಗುತ್ತಮ್ಮ ಅದು?"

"ಆದಾಗ."

ಡಿಪೋದಲ್ಲಿ ಡ್ಯೂಟಿ ಚೀಟಿಗೆ ಹಾಕುವಷ್ಟೇ ಸಲೀಸಾಗಿ ಸಹಿ ಹಾಕಿಬಿಟ್ಟ. ಅವಳು ಸೆರಗಿನಿಂದ ಕೂದಲು ಸುತ್ತಿದ ಒಂದು ಮೊಳೆ ತೆಗೆದು, ಏನೋ ಗುಣುಗುಟ್ಟುತ್ತ, ಬಾಗಿಲ ಚೌಕಟ್ಟಿಗೆ ಕಲ್ಲಿನಿಂದ ಹೊಡೆದಳು.

"ಇದೇನಮ್ಮ?"

"ಕರಾರಿನ ಗುರುತು."

"ಒಳ್ಳೇದಾಯ್ತು, ಅಂಗಿ ನೇತುಹಾಕೋಕೆ ಒಂದು ಮೊಳೆ ಸಿಕ್ತು" ಎಂದು ಅವನು ನಕ್ಕ.

ಆ ನಗೆ ಹೆಚ್ಚು ದಿನ ಬಾಳಲಿಲ್ಲ. ವಾರಗಳು ಉರುಳಿದವು, ಅವಳ ಸುದ್ದಿಯಿಲ್ಲ. ಬೇರೆಯವರಿಗೆ ತೋರಿಸೋಣವೆಂದರೆ, ಬಂದವರು ಹೊಸ್ತಿಲಲ್ಲೇ ಮೂಗು ಮುಚ್ಚಿ ಹಿಂದೆ ಸರಿಯುತ್ತಿದ್ದರು. ಒಬ್ಬಾತ ಒಳಗಿನ ಖಾಲಿ ಕೋಣೆಯತ್ತ ನೋಡಿ, "ಆಗಲೇ ಯಾರೋ ಇದ್ದಾರಲ್ರೀ!" ಎಂದು ಓಡಿಯೇ ಹೋದ. ಮನೆ ಹಾಳಾಗಲಿ, ಹೆಂಡತಿಯನ್ನಾದರೂ ನೋಡಿಬರೋಣವೆಂದು ಅವನು ಬಸ್ಸು ಹತ್ತಿದ. ಕಿಟಕಿಯ ಗಾಳಿಗೆ ಒಂದು ಸಲ ರೆಪ್ಪೆ ಮುಚ್ಚಿತು. ತೆರೆದಾಗ ತನ್ನದೇ ಗೇಟಿನ ಮುಂದೆ ನಿಂತಿದ್ದ, ಕೈಯಲ್ಲಿ ಟಿಕೆಟ್ಟು. ಮತ್ತೆ ಹತ್ತಿದ. ಮತ್ತೆ ಅದೇ ಗೇಟು.

ಹುಚ್ಚು ಹಿಡಿದವನಂತೆ ಇಕ್ಕಳ ತಂದು ಮೊಳೆ ಕೀಳಲು ನಿಂತ. ಎಳೆದಷ್ಟೂ ಅದು ಬರುತ್ತಲೇ ಇತ್ತು. ಒದ್ದೆ, ಬೆಚ್ಚಗೆ, ಕರುಳಿನ ಹಾಗೆ. ಮುಗಿಯಲೇ ಇಲ್ಲ.

ಬ್ರೋಕರಮ್ಮ ಈ ಸಲ ಕಾಂಪೌಂಡಿನ ಹತ್ತಿರವೂ ಸುಳಿಯಲಿಲ್ಲ, ಬೀದಿಯಿಂದಲೇ ಹೇಳಿದಳು.

"ಗಡುವಿದ್ದಿದ್ರೆ ಕರಾರು ತಾನಾಗೇ ಬಿದ್ದುಹೋಗ್ತಿತ್ತು. ಈಗ ಅವಳೂ ಒಪ್ಪಿ ರದ್ದು ಮಾಡ್ಬೇಕು, ಇಲ್ಲಾ ಅವಳ ಮನೆ ಮಾರಾಟ ಆಗ್ಬೇಕು. ಹೋಗಿ ಕಾಲು ಹಿಡಿ. ಆದ್ರೆ ಅಲ್ಲಿ ಇನ್ನೊಂದು ಸಹಿ ಮಾತ್ರ ಹಾಕ್ಬೇಡ."

ಅವಳ ಮನೆಗೆ ಹೋಗುವ ದಾರಿಯೊಂದೇ ಅವನನ್ನು ತಡೆಯಲಿಲ್ಲ. ಕಿಟಕಿಗಳಿಗೆಲ್ಲ ಹಲಗೆ ಬಡಿದಿದ್ದ ಮನೆ. ಹಗಲಲ್ಲೂ ಒಳಗೆ ಕತ್ತಲು ಹೆಪ್ಪುಗಟ್ಟಿತ್ತು. ಒಳಕೋಣೆಯ ಮುಚ್ಚಿದ ಬಾಗಿಲ ಹಿಂದೆ ಯಾರೋ ಉಸಿರನ್ನು ನೆಲದ ಮೇಲೆ ಎಳೆದಾಡುತ್ತಿರುವ ಸದ್ದು.

"ರದ್ದು ಮಾಡಮ್ಮ. ನಿನ್ನ ಕಾಲಿಗೆ ಬೀಳ್ತೀನಿ."

"ಆಗಲ್ಲ ಅಣ್ಣಾ. ನೀನೇ ಇದನ್ನ ಕೊಂಡ್ಕೋ. ನಿನ್ನ ಮನೆ ನನಗೆ, ನನ್ನದು ನಿನಗೆ. ಷರತ್ತು ತೀರಿಹೋಗುತ್ತೆ."

ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಆಸ್ಪತ್ರೆಯ ನರ್ಸ್. "ನಿಮ್ಮನ್ನೇ ಕೇಳ್ತಿದ್ದಾರೆ. ಇವತ್ತೇ ಬನ್ನಿ. ನಾಳೆಗೆ ಅಂತ ಇಟ್ಕೋಬೇಡಿ."

"ಎಲ್ಲಿ ಸಹಿ?" ಎಂದ ಅವನು.

ಹೆಂಗಸು ಕಾಗದ ಮುಂದಿಟ್ಟಳು. ಮುಖದಲ್ಲಿ ಒಂದು ಚೂರು ಕನಿಕರವೂ ಸುಳಿಯಿತು. "ಒಳಕೋಣೇಲಿ ಇರೋದೂ ಮನೆ ಜೊತೆಗೇ ಬರುತ್ತೆ. ನೋಡಲ್ವಾ? 'ನೋಡಿ ಒಪ್ಪಿದ್ರೆ ಮಾತ್ರ' ಅಂತ ಬೇಕಾದ್ರೆ ಬರ್ಕೋ. ಅದು ನಿನ್ನ ಹಕ್ಕು."

ನೋಡಿದರೆ ಒಪ್ಪಲಾರೆನೆಂದು ಅವನಿಗೆ ಗೊತ್ತಿತ್ತು. ಒಪ್ಪದಿದ್ದರೆ ಹೋಗಲಾರೆನೆಂದೂ.

"ಬೇಡ. ಏನೂ ಬೇಡ. ಹೇಗಿದೆಯೋ ಹಾಗೇ ಕೊಡು."

ಸಹಿ ಬಿತ್ತು. ಒಳಕೋಣೆಯ ಸದ್ದು ನಿಂತಿತು. ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತ, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದಳು.

ಅವನೂ ಓಡಿದ. ಹಿಂದೆ ಒಳಕೋಣೆಯ ಚಿಲಕ ಕಳಚಿತು. ತಿರುಗಲಿಲ್ಲ. ಬಸ್ಸು ಹತ್ತಿದ. ರೆಪ್ಪೆ ಮುಚ್ಚಲಿಲ್ಲ. ಊರು ದಾಟಿತು. ಸೇತುವೆ ದಾಟಿತು. ಬಿಸಿಲಿರುವಾಗಲೇ ಆಸ್ಪತ್ರೆ ಬಂತು. ಮೆಟ್ಟಿಲು. ವರಾಂಡ. ಫಿನಾಯಿಲ್ ವಾಸನೆ. ಬಾಗಿಲು.

ಅವಳಿದ್ದಳು. ಕಣ್ಣು ತೆರೆದೇ ಇದ್ದಳು.

"ಬಂದ್ರಾ!" ಎಂದು ಹೆಂಡತಿ ನಕ್ಕಳು. ಅವನು ಅವಳ ಕೈಯನ್ನು ಎದೆಗೊತ್ತಿಕೊಂಡು ಮಗುವಿನಂತೆ ಅತ್ತ. ಅವಳು ಅವನ ತಲೆ ನೇವರಿಸುತ್ತ, ಅವನ ಭುಜದಾಚೆಗೆ ನೋಡಿದಳು.

"ಏನ್ರೀ ನೀವು, ಜೊತೆಗೆ ಬಂದೋರನ್ನ ಹಾಗೇ ನಿಲ್ಲಿಸಿದ್ದೀರಲ್ಲ. ಪಾಪ, ಎಷ್ಟು ಏದುಸಿರು ಬಿಡ್ತಿದ್ದಾರೆ."

ಅವನು ಬೇಡವೆಂದು ಕೂಗುವಷ್ಟರಲ್ಲಿ ಅವಳು ಕಷ್ಟಪಟ್ಟು ಗೋಡೆಯ ಕಡೆಗೆ ಸರಿದಿದ್ದಳು. ಅವಳು ಬಿಟ್ಟುಕೊಟ್ಟ ಜಾಗದಲ್ಲಿ ಹಾಸಿಗೆ ಮೆಲ್ಲಗೆ ತಗ್ಗಿತು.