ಬಲಗಡೆಯ ಮುಂದಿನ ಚಕ್ರ

"ಟೇಪ್ ಹಚ್ಚಬ್ಯಾಡ್ರಿ ಅಂತ ಎಷ್ಟು ಮಂದಿಗೆ ಬಡ್ಕಬೇಕ್ರಿ ನಾನು? ಗಾಡೀದು ಹಳೇ ಪೇಂಟು! ಟೇಪಿನ ಜೋಡಿ ಚರ್ಮ ಸುಲದಂಗ ಕಿತ್ತು ಬರ್ತೈತಿ!"

ಆರು ವರ್ಷದ ಹಿಂದೆ ಪಂಪೇಶ್ ಅಂಜಲಿಗೆ ಆಡಿದ ಮೊದಲ ಮಾತು ಇದು. ಮದುವೆ ಮನೆಯ ಮುಂದೆ, ನೂರು ಮಂದಿ ನೋಡುತ್ತಿದ್ದಾಗ.

ಅವಳೂ ಸುಮ್ಮನಿರುವವಳಲ್ಲ. ಕೈಯಲ್ಲಿದ್ದ ಸೇವಂತಿ ಹಾರವನ್ನು ಬಾನೆಟ್ಟಿನ ಮೇಲೆ ಒಗೆದು, "ನಿಮ್ಮ ಗಾಡೀಗೆ ಅಷ್ಟು ಮರ್ಯಾದಿ ಇದ್ರ ಸೀರಿ ಸುತ್ತಿ ಮನ್ಯಾಗ ಇಟ್ಗಳ್ರಿ. ಬಾಡಿಗಿಗೆ ಯಾಕ ತರ್ತೀರಿ?" ಎಂದಿದ್ದಳು.

ಜಗಳ ಗೆದ್ದವರು ಯಾರೂ ಇಲ್ಲ. ಆದರೆ ಮರುದಿನದಿಂದ ಅಂಜಲಿ ಟೇಪು ಬಿಟ್ಟು ಸಣ್ಣ ಕಬ್ಬಿಣದ ತಂತಿ ಹಿಡಿದಳು. ಹೊಸಪೇಟೆಯ ಹೂವಿನ ಮಾರ್ಕೆಟ್‌ನಲ್ಲಿ ಅವಳದೊಂದು ಅಂಗಡಿ. ಮದುವೆ ಕಾರಿಗೆ ಹೂವು ಕಟ್ಟುವ ಕೆಲಸ ಅಂದರೆ ಸುತ್ತಲಿನ ಊರುಗಳಲ್ಲಿ ಅವಳೇ. ಮದುವಣಗಿತ್ತಿ ಕೂರುವ ಕಾರು ಅಂದರೆ ಪಂಪೇಶನ ಬಿಳಿ ಬೆಂಜ್. ಹೀಗಾಗಿ ಮುಹೂರ್ತವಿದ್ದ ದಿನವೆಲ್ಲ ಬೆಳಗ್ಗೆ ಇಬ್ಬರೂ ಮುಖಾಮುಖಿ. ಬೈದಾಡಿಕೊಂಡೇ ಆರು ವರ್ಷ ಕಳೆದವು. ಅವಳಿಗೆ ನಲವತ್ತೊಂದಾಯಿತು. ಗಂಡ ಬಿಟ್ಟವಳು ಎಂದು ಓಣಿಯವರು ಹೇಳುತ್ತಿದ್ದರು. ಬಿಟ್ಟು ಬಂದವಳು ನಾನು ಎಂದು ಅವಳು ತಿದ್ದುತ್ತಿದ್ದಳು. ಅವನಿಗೆ ನಲವತ್ತಾರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷ.

ಆ ಕಾರಿಗೂ ವಯಸ್ಸಾಗಿತ್ತು. ಅದಿರಿನ ದುಡ್ಡು ಹೊಳೆಯಾಗಿ ಹರಿದ ಕಾಲದಲ್ಲಿ ಸಂಡೂರಿನ ಒಬ್ಬ ಸಾಹುಕಾರ ತರಿಸಿದ್ದು. ಅವನ ಗಣಿ ನಿಂತ ಮೇಲೆ ಅದು ಶೆಡ್ಡಿನಲ್ಲಿ ಕೋಳಿಗಳ ಮನೆಯಾಯಿತು. ಆಗ ಟಿಪ್ಪರ್ ಓಡಿಸುತ್ತಿದ್ದ ಪಂಪೇಶ್ ಅದನ್ನು ಗುಜರಿ ಬೆಲೆಗೆ ಕೊಂಡ. ಊರಿನ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ ನೋಡಿ, ಕೈ ಮುಗಿದು ಮುಚ್ಚಿದರು. ಶೋರೂಮಿನವರು ಹೇಳಿದ ರೇಟು ಕೇಳಿ ಪಂಪೇಶ್ ಫೋನಿಟ್ಟು ಒಂದು ಗಂಟೆ ಗೋಡೆಗೆ ಬೈದ. ಅವತ್ತಿನಿಂದ ರಿಪೇರಿ ಎಲ್ಲ ಸ್ವಂತ ಕೈಯಲ್ಲಿ. ಫೋನಿನಲ್ಲಿ ಬಿಳಿಯರ ವಿಡಿಯೊ ಹಾಕುವುದು, ಮಾತು ತಿಳಿಯದ್ದಕ್ಕೆ ಧ್ವನಿ ಬಂದ್ ಮಾಡುವುದು, ಅವರ ಕೈ ನೋಡಿ ಕಲಿಯುವುದು. ನಕ್ಷತ್ರದಂಥ ಬೋಲ್ಟಿಗೆ ಸರಿಯಾದ ಪಾನಾ ಸಿಗದಿದ್ದರೆ ಹಳೆಯದೊಂದನ್ನು ಅರದಲ್ಲಿ ಉಜ್ಜಿ ಆಕಾರಕ್ಕೆ ತರುತ್ತಿದ್ದ. ಒಳಗೆ ಚಾವಣಿಯ ಬಟ್ಟೆ ಜೋತುಬಿದ್ದಾಗ ಮಾತ್ರ ಅಂಜಲಿ ತನ್ನ ಗುಂಡುಪಿನ್ನಿನ ಡಬ್ಬಿ ಕೊಟ್ಟಿದ್ದಳು. ಅವನು ಥ್ಯಾಂಕ್ಸ್ ಅನ್ನಲಿಲ್ಲ. "ಮುತ್ತಿನ ಪಿನ್ನು ಇರಲಿಲ್ಲೇನು?" ಅಂದ.

ಒಂದು ರೋಗ ಮಾತ್ರ ವಾಸಿಯಾಗಲಿಲ್ಲ. ಆ ಕಾರಿಗೆ ಸ್ಪ್ರಿಂಗ್ ಇಲ್ಲ. ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುವ ಕಾರದು. ಗಾಳಿ ಸೋರಿದರೆ ಎಮ್ಮೆಯ ಹಾಗೆ ಕೂತುಬಿಡುತ್ತದೆ. ಎರಡು ವರ್ಷದಿಂದ ಬಲಗಡೆಯ ಮುಂದಿನ ಮೂಲೆ ಆಗಾಗ ಕೂರುತ್ತಿತ್ತು.

ಇವತ್ತು ಕಂಪ್ಲಿಯಲ್ಲಿ ಕೂತಿತು. ಅದೂ ಎಂಥ ಹೊತ್ತಿನಲ್ಲಿ! ತಾಳಿ ಕಟ್ಟಿ, ಊಟ ಮುಗಿದು, ಮದುಮಕ್ಕಳು ಹಿಂದಿನ ಸೀಟಿಗೆ ಹತ್ತುತ್ತಿದ್ದಂತೆ ಉಸ್ಸೆಂದು ಉಸಿರು ಬಿಟ್ಟು ಮೂಗು ನೆಲಕ್ಕೆ ಹಚ್ಚಿತು. ಹುಡುಗಿಯ ದೊಡ್ಡಪ್ಪ, ಅಕ್ಕಿ ಗಿರಣಿಯ ದೊಡ್ಡಬಸಪ್ಪ, ಮೀಸೆ ತಿರುವಿ ಕೇಳಿದ: "ಏನಪಾ ಡ್ರೈವರಾ, ನಮ್ಮ ಹುಡುಗಿ ಭಾರಕ್ಕ ಕುಸೀತೇನು ನಿನ್ನ ಬೆಂಜು?"

ಮಂದಿ ನಕ್ಕರು. ಮದುಮಗಳು ಅತ್ತಳು. ಮದುಮಕ್ಕಳನ್ನು ಯಾರದೋ ಇನ್ನೋವಾದಲ್ಲಿ ಕೂರಿಸಿ ಕಳಿಸಿದರು. ಒಂದು ಮಾತಿಗೆ ನಾಲ್ಕು ಮಾತು ಕೊಡುವ ಪಂಪೇಶ್ ಇವತ್ತು ತಲೆ ಎತ್ತಲಿಲ್ಲ.

ಮಂಟಪ ಖಾಲಿಯಾಯಿತು. ಹಿತ್ತಲಲ್ಲಿ ಪಾತ್ರೆ ತಿಕ್ಕುವ ಕರೆಮ್ಮ ಒಬ್ಬಳೇ ಉಳಿದಳು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬೆಳಗಿನ ಜಾವ ಎರಡಕ್ಕೆ ಎದ್ದಿದ್ದ ಅಂಜಲಿಗೆ ನಿಂತಲ್ಲೇ ನಿದ್ದೆ ಬರುವ ಹಾಗಿತ್ತು. ಬಾಡಿದ ಹೂವು ಬಿಚ್ಚಿ, ತಂತಿಯನ್ನು ಸುತ್ತಿಟ್ಟುಕೊಂಡು ಹೋಗುವುದು ಅವಳ ಪದ್ಧತಿ. ಹಿಂದಿನಿಂದ ಬಿಚ್ಚುತ್ತ ಬಂದಳು.

ಪಂಪೇಶ್ ಫೋನಿನಲ್ಲಿ ಮಾತಾಡುತ್ತಿದ್ದ. "ಹ್ಞೂ, ಗಾದಿಲಿಂಗಪ್ಪ. ಲಾರಿ ತಗಂಬಾ. ಕಂಪ್ಲೀಲೇ ಐತಿ. ಇವತ್ತೇ ಎತ್ಗಂಡು ಹೋಗು."

ಅಂಜಲಿಯ ಕೈ ನಿಂತಿತು. ಗಾದಿಲಿಂಗಪ್ಪ ಅಂದರೆ ಗುಜರಿಯವನು.

"ಕಾರು ಕೊಡಾಕ ಹತ್ತೀರೇನು?"

"ಕೊಟ್ಟೆ. ಸೋರಿದ್ದು ತುಂಬಿ ತುಂಬಿ ಗಾಳಿ ಪಂಪು ಸುಟ್ಟೈತಿ. ನನಗೂ ಸಾಕಾಗೈತಿ. ನಾಡಿದ್ದಿನಿಂದ ದೋಣಿಮಲೈ ಗಣಿ ಸ್ಟಾಫ್ ಬಸ್ ಓಡಸ್ತೀನಿ. ಅಲ್ಲೇ ಸಂಡೂರಾಚೆ ಬಂಡ್ರ್ಯಾಗ ಒಂದು ರೂಮ್ ನೋಡೀನಿ."

"ಹಂಗಾರ ಇನ್ಮ್ಯಾಗ..." ಎಂದು ಶುರು ಮಾಡಿದ ಅವಳ ಮಾತು ಅಲ್ಲೇ ಕಡಿದುಹೋಯಿತು. ಇನ್ಮೇಲೆ ಏನು? ಕಾರಿಲ್ಲದಿದ್ದರೆ ಇವನ ಮುಖ ನೋಡಲು ತನಗೆ ನೆಪವೇ ಇಲ್ಲ. ಬೈಯುವುದಕ್ಕೂ ಒಬ್ಬ ಮನುಷ್ಯ ಬೇಕಲ್ಲ. ಆರು ವರ್ಷ ಬೈದದ್ದು ಬರೀ ಬೈಗುಳವಾಗಿರಲಿಲ್ಲ ಎಂದು ಅವಳಿಗೆ ಎಂದೋ ಗೊತ್ತಿತ್ತು. ಅವನಿಗೆ ಗೊತ್ತಿದೆಯೋ ಇಲ್ಲವೋ ಎಂಬುದಷ್ಟೇ ಗೊತ್ತಿರಲಿಲ್ಲ.

ಗೊತ್ತಿಲ್ಲ ಅನ್ನಿಸಿತು ಈಗ. ಗೊತ್ತಿದ್ದವನು ಹೀಗೆ ಬಸ್ಸಿನ ಸುದ್ದಿ ಹೇಳಿದ ಹಾಗೆ ಹೇಳುತ್ತಾನೆಯೇ?

"ಆ ಮುಂದಿನ ಚಕ್ರದಾಗ ನನ್ನ ತಂತಿ ಐತಿ. ಜಾಕ್ ಹಾಕ್ರಿ, ತಗಂತೀನಿ," ಅಂದಳು. ದನಿ ಒರಟಾಗಿಯೇ ಬಂತು.

"ಬಿಡ್ರಿ, ತಂತಿ ಹೋಗ್ಲಿ."

"ಯಾಕ ಹೋಗ್ಲಿ? ನನ್ನ ತಂತಿ ಅದು."

"ಹೊಸಾದು ಕೊಡಸ್ತೀನಿ. ಆ ಕಡೆ ಹೋಗಬ್ಯಾಡ್ರಿ."

"ಹೊಸಾದು ನನಗ ಬ್ಯಾಡ!"

"ಬಿಸಿಲಾಗ ಯಾಕ ಹಟ ಮಾಡ್ತೀರಿ? ಮನಿಗೆ ಹೋಗ್ರಿ ಅಂದೆ!"

ಹಿತ್ತಲಿಂದ ಕರೆಮ್ಮ ಕೂಗಿದಳು: "ಏ ಅಂಜಲೀ, ಗಂಡ ಹೆಂಡ್ತಿ ಜಗಳ ಮನ್ಯಾಗ ಇಟ್ಗಳ್ರಿ. ನನ್ನ ಪಾತ್ರಿ ಬಿರಿತಾವ!"

ಅಂಜಲಿಯ ಕಿವಿ ಕೆಂಪಾಯಿತು. ಅವಳು ಬೇರೇನೂ ಯೋಚಿಸದೆ ಡಿಕ್ಕಿ ತೆಗೆದು ಜಾಕ್ ಎಳೆದು ತಂದಳು. ಪಂಪೇಶ್ ಅಡ್ಡ ಬಂದ. ಅವಳು ಸುತ್ತು ಹಾಕಿ ಹೋದಳು. ಕೊನೆಗೆ ಜಾಕಿನ ಕೆಳಗೆ ಹಲಗೆ ಇಟ್ಟವನು, ಚಕ್ರಗಳಿಗೆ ಕಲ್ಲು ಕೊಟ್ಟವನು ಅವನೇ. ಹಾಗೇ ಬಿಟ್ಟರೆ ಕೈ ಜಜ್ಜಿಕೊಂಡಾಳು ಎಂದು. ಕಾರು ಮೇಲೆದ್ದ ಮೇಲೆ ಅವನು ದೂರ ಹೋಗಿ ಬೆನ್ನು ತಿರುಗಿಸಿ ನಿಂತ.

ಅಂಜಲಿ ಮೊಣಕಾಲೂರಿ ಚಕ್ರದ ಮೇಲಿನ ಗೂಡಿನೊಳಗೆ ಇಣುಕಿದಳು. ಆರು ವರ್ಷದಲ್ಲಿ ಅಲ್ಲಿ ಕೈ ಹಾಕಿದ್ದಳೇ ಹೊರತು ಕಣ್ಣು ಹಾಕಿರಲಿಲ್ಲ. ಹಾರದ ತುದಿಯನ್ನು ಕುರುಡು ಕೈಯಲ್ಲಿ ಒಳಗೆ ತಳ್ಳಿ, ಬೆರಳಿಗೆ ಸಿಕ್ಕಿದ್ದಕ್ಕೆ ಕಟ್ಟಿಬಿಡುತ್ತಿದ್ದಳು.

ಬೆರಳಿಗೆ ಸಿಗುತ್ತಿದ್ದುದು ಪೆನ್ಸಿಲ್ ದಪ್ಪದ ಒಂದು ಕರಿ ಪೈಪು. ಅದರ ಮೇಲೆ ಬೆಳಗ್ಗೆ ಕಟ್ಟಿದ ತಂತಿ, ಮೂರು ಸುತ್ತು, ಮೇಲೊಂದು ತಿರುವು, ಅವಳದೇ ಗಂಟು. ಸ್ಟೇರಿಂಗ್ ತಿರುಗಿದಾಗಲೆಲ್ಲ ಉಜ್ಜಿ ಉಜ್ಜಿ ತಂತಿ ಪೈಪನ್ನು ಕೊಯ್ದಿತ್ತು. ಆ ಸೀಳಿನಲ್ಲಿ ಉಳಿದ ಗಾಳಿ ಇನ್ನೂ ಸಣ್ಣಗೆ ಸುಯ್ಯೆನ್ನುತ್ತಿತ್ತು.

ಕಾರು ಕೂರಿಸಿದವಳು ತಾನು! ಮದುಮಗಳ ಕಣ್ಣೀರು, ದೊಡ್ಡಬಸಪ್ಪನ ಹೀಯಾಳಿಕೆ, ಎಲ್ಲ ತನ್ನ ಗಂಟಿನಿಂದ.

ಆಮೇಲೆ ಉಳಿದದ್ದು ಕಂಡಿತು. ಅದೇ ಪೈಪಿನ ಮೇಲೆ ಹಿತ್ತಾಳೆಯ ಜಾಯಿಂಟುಗಳು, ಲಾರಿಯ ಏರ್ ಬ್ರೇಕಿಗೆ ಹಾಕುವಂಥವು. ಒಂದಲ್ಲ, ನಾಲ್ಕು. ನಾಲ್ಕೂ ಅವಳ ಕೈ ಹೋಗುವ ಜಾಗದಲ್ಲೇ.

ಅವಳು ಎದ್ದು ನಿಂತಳು. "ನಿಮಗ ಗೊತ್ತಿತ್ತು."

ಪಂಪೇಶ್ ಬೆನ್ನು ತೋರಿಸಿಯೇ ತಲೆ ಆಡಿಸಿದ.

"ಎಷ್ಟು ದಿನದಿಂದ?"

"ಎರಡು ವರ್ಷ."

"ಟೇಪಿಗೆ ಊರೆಲ್ಲ ಕೇಳೋ ಹಂಗ ಒದರಿದ್ರಿ. ಪೈಪ್ ಕೊಯ್ದಿದ್ದಕ್ಕ ಯಾಕ ಬಾಯಿ ಬಿಡಲಿಲ್ಲ? ಪೈಪಾದ್ರೂ ಬ್ಯಾರೆ ಕಡೆ ಸರಿಸಬೇಕಿತ್ತು!"

"ಸರಿಸಿದ್ದೆ. ನಿಮ್ಮ ಕೈ ಅಲ್ಲಿಗೂ ಬಂತು."

ಅವಳಿಗೆ ನಗು ಬಂತು. ನಗಲಿಲ್ಲ. "ಕೇಳಿದ್ದಕ್ಕ ನೆಟ್ಟಗ ಹೇಳ್ರಿ. ಯಾಕ?"

ಅವನು ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದೇ ಒರೆಸಿದ. ಕೊನೆಗೆ ಬಾನೆಟ್ಟಿನ ಬಲ ಮುಂತುದಿಗೆ ತಾನೇ ಹಚ್ಚಿದ್ದ ಟಿಪ್ಪರಿನ ಗುಂಡು ಕನ್ನಡಿಯತ್ತ ಕೈ ತೋರಿಸಿದ. ಅದು ಎಂದಿನಂತೆ ಕೆಳಗೆ ಬಾಗಿತ್ತು. ಅದೂ ಕೆಟ್ಟಿದೆ ಎಂದೇ ಅವಳು ತಿಳಿದಿದ್ದಳು.

"ಆ ಚಕ್ರಕ್ಕ ಹೂವ ಕಟ್ಟಾಕ ನಿಮಗ ಹದಿನೈದು ನಿಮಿಷ ಬೇಕು. ನಾ ಸೀಟಿನಾಗ ಕುಂತಿರ್ತೀನಿ. ಕನ್ನಡ್ಯಾಗ ನೀವು ಕಾಣ್ತೀರಿ. ತುಟಿಯಾಗ ತಂತಿ ಕಚ್ಚಿಕೊಂಡು, ಬೆವರು ತೋಳಿಗೆ ಒರೆಸ್ಕಂತ, ಏನೋ ಗೊಣಗ್ತಿರ್ತೀರಿ. ನನ್ನನ್ನೇ ಬೈತೀರಿ ಅಂತ ಗೊತ್ತು." ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ಪೈಪಿಂದು ಹೇಳಿದ್ರ ಆ ಚಕ್ರ ಬಿಟ್ಟುಬಿಡ್ತಿದ್ರಿ."

"ಅದಕ್ಕ ಒಂದು ಪಂಪು ಸುಟ್ಟ್ರಾ?"

"ಎರಡು."

ಅಂಜಲಿ ಕಾರಿಗೆ ಒರಗಿದಳು. ಸಿಟ್ಟೋ, ದಣಿವೋ, ಬೇರೆಯದೋ, ಅವಳಿಗೇ ತಿಳಿಯಲಿಲ್ಲ.

"ಮತ್ತ ಈಗ ಯಾಕ ಬಿಟ್ಟು ಹೊಂಟೀರಿ?"

"ನೋಡಿ ನೋಡಿ ಸಾಕಾಗೈತಿ, ಅಂಜಲಿಯವ್ರ. ವರ್ಷಕ್ಕ ಮೂವತ್ತು ಮದುವಿ. ಹದಿನೈದು ನಿಮಿಷ ನೋಡಾದು, ಮಂದೀ ಮಕ್ಕಳನ್ನ ಗಂಡನ ಮನಿಗೆ ಮುಟ್ಟಸಾದು, ಖಾಲಿ ಗಾಡಿ ಹೊಡ್ಕಂಡು ಖಾಲಿ ಮನಿಗೆ ಹೋಗಾದು. ಇವತ್ತು ಅದು ಕುಂತಾಗ ಅನ್ನಿಸ್ತು, ಇದಕ್ಕೂ ಸಾಕಾಗೈತಿ ಅಂತ."

"ಬಾಯಿ ಇರಲಿಲ್ಲೇನು ನಿಮಗ?"

"ಬೈಯಾಕ ಇತ್ತು. ಇದಕ್ಕ ಇರಲಿಲ್ಲ."

ಹಿತ್ತಲಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಕರೆಮ್ಮ ಉಸಿರು ಬಿಗಿಹಿಡಿದು ಕೇಳುತ್ತಿರಬೇಕು.

"ನಾ ಒಮ್ಮೆ ಸಂಸಾರ ಒದ್ದು ಬಂದಾಕಿ," ಅಂದಳು ಅಂಜಲಿ. "ನನ್ನ ನಾಲಿಗಿ ಎಂಥಾದು ಅಂತ ಗೊತ್ತೈತಲ್ಲ?"

"ನಂದೇನು ಬೆಲ್ಲಾನಾ?"

"ಇಬ್ಬರೂ ಕೂಡಿ ಒದರಿದ್ರ ಬಂಡ್ರಿ ಮಂದಿ ಊರು ಬಿಟ್ಟು ಹೋಗ್ತಾರ."

ಅವನು ಮೊದಲ ಬಾರಿ ತಲೆ ಎತ್ತಿ ಅವಳನ್ನು ಕನ್ನಡಿಯಿಲ್ಲದೆ ನೋಡಿದ. ಕಣ್ಣು ಕೆಂಪಗಿದ್ದವು. "ಬಂಡ್ರಿಗೆ... ಬರ್ತೀರಾ?"

"ಮೊದ್ಲು ಗಾಡಿ ಎಬ್ಬಿಸ್ರಿ. ಎತ್ತಿನಗಾಡ್ಯಾಗ ಬರಂಗಿಲ್ಲ ನಾನು."

ಪಂಪೇಶ್ ಅಂಗಿಯ ತೋಳು ಮಡಚಿದ. ಸೀಳಿದ ಭಾಗವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು ಐದನೇ ಜಾಯಿಂಟು ಹಾಕಿದ. ಪಂಪು ಸತ್ತಿದ್ದರಿಂದ ಪೈಪಿನ ಇನ್ನೊಂದು ತುದಿಗೆ ಟೈರಿನ ಟ್ಯೂಬಿನದೊಂದು ವಾಲ್ವ್ ಕೂಡಿಸಿದ. ಇದು ಯಾವ ಬಿಳಿಯನ ವಿಡಿಯೊದಲ್ಲೂ ಇರಲಿಲ್ಲ. ಮಂಟಪದ ಗೋಡೆಗೆ ಅಂಟಿಕೊಂಡೇ ಜಡೆಪ್ಪನ ಪಂಚರ್ ಅಂಗಡಿ. ಲಾರಿ ಟೈರಿಗೆ ಗಾಳಿ ಹಿಡಿಯುವ ಉದ್ದನೆಯ ಪೈಪನ್ನು ಅಂಜಲಿಯೇ ಗೋಡೆ ಮೇಲಿಂದ ಎಳೆದುಕೊಂಡಳು.

"ಬೆಂಜಿಗೆ ಪಂಚರ್ ಅಂಗಡೀ ಗಾಳಿ!" ಜಡೆಪ್ಪ ಗೋಡೆಯಾಚೆಯಿಂದ ನಕ್ಕ. "ಎಷ್ಟು ಹಿಡೀಲೇ ಪಂಪೇಶಾ?"

"ಕೊಡ್ತಾ ಹೋಗು, ಅಂಜಲಿಯವ್ರು ಸಾಕು ಅಂತಾರ."

ಜಾಕ್ ಇಳಿಸಿ ಗಾಳಿ ತುಂಬಿದಂತೆ ಕಾರು ನಿಧಾನವಾಗಿ ಎದ್ದಿತು. ಬೆರಳಷ್ಟು, ಗೇಣಷ್ಟು. ಎಡಗಡೆಗೆ ಸಮನಾದಾಗ ಅವಳು ಕೈ ಎತ್ತಿದಳು. ಅವನು ಜಾಯಿಂಟಿಗೆ ಎಂಜಲು ಹಚ್ಚಿ ಗುಳ್ಳೆ ಬರುತ್ತದೋ ಎಂದು ನೋಡಿದ. ಅವಳೂ ಬಗ್ಗಿ ನೋಡಿದಳು. ಎರಡು ತಲೆ ಢೀ ಹೊಡೆದವು.

"ಕಣ್ಣು ಕಾಣಂಗಿಲ್ಲೇನು?" ಇಬ್ಬರೂ ಒಟ್ಟಿಗೆ ಅಂದರು.

ಅಷ್ಟರಲ್ಲಿ ಗಾದಿಲಿಂಗಪ್ಪನ ಲಾರಿ ಬಂತು. ಇಳಿದವನೇ ಕಾರಿಗೆ ಸುತ್ತು ಹಾಕಿ, "ನಿಂತೈತಲ್ಲಪ್ಪ ಇದು! ಕೊಡ್ತೀಯೋ ಇಲ್ಲೋ?" ಅಂದ.

"ಅವರನ್ನ ಕೇಳು," ಎಂದ ಪಂಪೇಶ್.

"ಕೊಡಂಗಿಲ್ಲ," ಅಂದಳು ಅಂಜಲಿ. "ವಾರ ಪೂರ್ತಿ ಇವರು ಬಸ್ ಓಡಸ್ತಾರ. ಮುಹೂರ್ತದ ದಿನ ರಜಾ ಹಾಕಿ ಇದನ್ನ ಓಡಸ್ತಾರ. ಹೂವಿನ ಅಂಗಡಿ ಸಂಡೂರಾಗೂ ನಡೀತೈತಿ. ನೀವು ಬಂದಿದ್ದಕ್ಕ ಚಾ ಕುಡೀರಿ, ಹೋಗ್ರಿ."

ಗಾದಿಲಿಂಗಪ್ಪ ಇಬ್ಬರ ಮುಖವನ್ನೂ ನೋಡಿ, ಇನ್ನೇನೂ ಕೇಳದೆ ಚಹಾ ಕುಡಿದು ಹೋದ.

ತಾನು ಹೂವು ಕಟ್ಟುವ ಕಾರಿನಲ್ಲಿ ಅಂಜಲಿ ಎಂದೂ ಕೂತವಳಲ್ಲ. ಇವತ್ತು ಮುಂದಿನ ಸೀಟಿನಲ್ಲಿ ಕೂತಳು. ಸೀಟಿನ ಚರ್ಮ ಬಿರುಕು ಬಿಟ್ಟಿತ್ತು, ಆದರೂ ಮೆತ್ತಗಿತ್ತು. ಕಂಪ್ಲಿಯ ಗದ್ದೆಗಳು ದಾಟುವವರೆಗೆ ಏನೋ ಮಾತಾಡುತ್ತಿದ್ದಳು. ಮದುವೆ ಸಾದಾ ಇರಲಿ, ಫೋಟೊದವನು ಬೇಡ, ಅಂಥ ಮಾತು. ಅವನು ಹ್ಞೂಗುಟ್ಟುತ್ತಿದ್ದ. ಯಾವಾಗ ಕಣ್ಣು ಮುಚ್ಚಿತೋ ತಿಳಿಯಲಿಲ್ಲ.

ಎಚ್ಚರವಾದಾಗ ಗಾಜಿನಾಚೆ ಕೆಂಪು ಗುಡ್ಡಗಳು. ಬಿಸಿಲು ಇಳಿದಿತ್ತು. ಕಾರು ನಡೆದುಹೋಗುವವನ ವೇಗದಲ್ಲಿ ಸಾಗುತ್ತಿತ್ತು.

"ಎಲ್ಲಿ ಬಂದ್ವಿ?"

"ಸಂಡೂರು ದಾಟಿದ್ವಿ."

"ನನ್ನ ಮನಿ ಹೊಸಪೇಟ್ಯಾಗ ಐತಿ!"

"ಬಂದಿತ್ತು. ನಿಲ್ಲಿಸಿದ್ರ ಎಚ್ಚರ ಆಗ್ತೈತಿ ಅಂತ ನಿಲ್ಲಿಸಲಿಲ್ಲ."

ಅವಳು ಬೈಯಲೆಂದು ಬಾಯಿ ತೆರೆದಳು. ಒಂದು ಬೈಗುಳವೂ ಸಿಗಲಿಲ್ಲ. ಕಾಲು ಸೀಟಿನ ಮೇಲೆ ಎಳೆದುಕೊಂಡು, ತಲೆಯನ್ನು ಅವನ ಕಡೆಗೆ ವಾಲಿಸಿದಳು.

"ಇನ್ನೊಂದು ತಾಸು ಮಲಗ್ತೀನಿ. ಅಲ್ಲೀತನ ಎಲ್ಲೂ ನಿಲ್ಲಿಸಬ್ಯಾಡ."

ಆರು ವರ್ಷದಲ್ಲಿ ಮೊದಲ ಸಲ ಅವಳು ಅವನನ್ನು ಏಕವಚನದಲ್ಲಿ ಕರೆದಿದ್ದಳು. ಪಂಪೇಶ್ ಬ್ರೇಕನ್ನು ಮೆಲ್ಲಗೆ ಒತ್ತಿ, ಮುಂದಿನ ಹಂಪ್ ಅನ್ನು ಕಾರಿಗೂ ಗೊತ್ತಾಗದ ಹಾಗೆ ದಾಟಿಸಿದ.