ಮೂರನೇ ಟ್ಯಾಂಕಿನಲ್ಲಿ ಉಸಿರು

ಬಾಗಿಲು ಧಡ್ ಅಂತ ಮುಚ್ಚಿತು.

ಕತ್ತಲೆ!

ಹೊರಗಡೆ ಚಕ್ರ ತಿರುಗಿಸಿ ಬಿಗಿ ಮಾಡುವ ಸದ್ದು... ಕಿರ್ರ್... ಕಿರ್ರ್...

ನಾನು ಉಸಿರು ಬಿಗಿಹಿಡಿದೆ.

ಬಿಯರ್ ಹುದುಗಿಸುವ ಸ್ಟೀಲ್ ಟ್ಯಾಂಕ್. ಎರಡಾಳು ಎತ್ತರ. ತಳ ಆಲಿಕೆಯ ಥರ ಇಳಿಜಾರು, ಕಾಲು ನಿಲ್ಲುವುದಿಲ್ಲ. ಬಾಗಿಲು ಅನ್ನುವುದು ಒಂದು ತೂತು ಅಷ್ಟೆ. ನನ್ನನ್ನು ಅದರಲ್ಲಿ ತುರುಕೋಕೆ ಇಬ್ಬರು ಆಳು ಬೇಕಾದರು. ಅಂಗಿಯ ಗುಂಡಿಗಳು ಹೊರಗೇ ಉಳಿದವು.

"ಭೀಮರಾಜ್! ಕೇಳಿಸ್ತಿದ್ಯೇನೋ?" ಹೊರಗಿಂದ ನವೀನ್‌ಕುಮಾರ್ ಕೂಗಿದ. "ಅವಳು ಎಲ್ಲಿದ್ದಾಳೆ ಅಂತ ಹೇಳೋ ಮನಸ್ಸಾದ್ರೆ ಎರಡು ಸಲ ತಟ್ಟು. ತೆಗೀತೀನಿ. ಇಲ್ಲಾ ಅಂದ್ರೆ ಗ್ಯಾಸ್ ನೋಡ್ಕೊಳ್ಳುತ್ತೆ!"

ಗ್ಯಾಸ್!

ಬಿಯರ್ ಹುದುಗುವಾಗ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಬಿಯರ್ ತೆಗೆದ ಮೇಲೂ ಅದು ತಳದಲ್ಲಿ ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಟ್ಯಾಂಕಿನ ಹೊರಗೆ ತಲೆಬುರುಡೆಯ ಬೋರ್ಡ್ ಬೇರೆ ಹಾಕಿದ್ದರು: 'ಒಳಗೆ ತಲೆ ಹಾಕಬೇಡಿ. ಎರಡೇ ಉಸಿರು!'

ನನಗಿದ್ದ ಆಸೆ ಒಂದೇ. ಅವತ್ತು ಬೆಳಗ್ಗೆ ಒಬ್ಬಳು ಹುಡುಗಿ ನನಗೆ ಒಂದು ಮಾತು ಹೇಳಿದ್ದಳು. ಅದು ನಿಜವಾಗಿದ್ದರೆ ಬದುಕ್ತೀನಿ. ಸುಳ್ಳಾಗಿದ್ದರೆ... ಮುಂದಿನ ಉಸಿರೇ ಕೊನೆ.

ನನ್ನ ಕಸುಬಿನಲ್ಲಿ ಯಾರ ಮಾತನ್ನೂ ನಂಬಿ ಗೊತ್ತಿಲ್ಲ.

ಇರಿ. ಎದೆಯಲ್ಲಿ ಗಾಳಿ ಇನ್ನೂ ಸ್ವಲ್ಪ ಇದೆ. ಅಷ್ಟರಲ್ಲಿ ಹೇಳಿಬಿಡ್ತೀನಿ.

ಹೊಸಕೋಟೆ ಬಸ್‌ಸ್ಟ್ಯಾಂಡ್ ಹತ್ತಿರ, ಜೆರಾಕ್ಸ್ ಅಂಗಡಿ ಮೇಲೆ ನನ್ನ ಆಫೀಸು. ಓಡಿ ಹೋದವರನ್ನು ಹುಡುಕುತ್ತೇನೆ. ಹೋದ ವಾರ ವೇಣುಗೋಪಾಲ್ ಫೋನ್ ಮಾಡಿದ. ಆವತಿ ಬೆಟ್ಟ ಕಾಣುವ ಜಾಗದಲ್ಲಿ 'ತೆನೆ' ಅಂತ ಬ್ರೂವರಿ ಇಟ್ಟವನು. ಲಿನನ್ ಶರ್ಟು, ಎಣ್ಣೆ ಹಚ್ಚಿ ಬಾಚಿದ ಗಡ್ಡ.

ಅವನ ಬಿಯರಿನ ಹೆಸರು 'ಕೆಂಪುತೆನೆ'. ಆವತಿಯ ರಾಗಿಯಿಂದ, ಆವತಿಯ ಹುಡುಗಿಯ ಕೈಯಿಂದ ಅಂತ ಪ್ರಚಾರ. ಶನಿವಾರ ಬಂತೆಂದರೆ ಹೈವೇವರೆಗೆ ಕಾರುಗಳ ಸಾಲು. ರೀಲ್ಸ್ ಮಾಡುವವರು ಮಗ್ ಹಿಡಿದು, ಕಣ್ಣು ಮುಚ್ಚಿ, "ಅಬ್ಬಾ, ಮಣ್ಣಿನ ಘಮ!" ಅನ್ನುತ್ತಿದ್ದರು.

ನಾನು ಹೋದಾಗ ನನಗೂ ಒಂದು ಮಗ್ ಕೊಟ್ಟ.

"ಹೆಂಗಿದೆ?"

"ರಾಗಿ ಎಲ್ಲಿದೆ ಸಾರ್?"

"ನಾಲಿಗೆ ಹಿಂದುಗಡೆ ಬರುತ್ತೆ. ಕಾಯ್ಬೇಕು."

ಕಾದೆ. ಬರಲಿಲ್ಲ. ಬಾರಿನಲ್ಲಿ ಸಿಗುವ ಮಾಮೂಲಿ ಬಿಯರಿಗೆ ಯಾರೋ ಬೆಲ್ಲದ ನೀರು ಬೆರೆಸಿದ ಹಾಗಿತ್ತು.

"ಈಗೀಗ ಜನಾನೂ ಇದನ್ನೇ ಬರೀತಿದ್ದಾರೆ," ಅಂದ ವೇಣುಗೋಪಾಲ್. "'ಇದಕ್ಕಾ ಇಷ್ಟು ಬಿಲ್ಡಪ್ಪು' ಅಂತ. ಬಿಯರ್ ಚೆನ್ನಾಗೇ ಇತ್ತು ಭೀಮರಾಜ್. ಮಾಡೋಳು ಕೆಡಿಸಿದ್ಲು. ನವ್ಯಶ್ರೀ ಅಂತ. ಬೇಕೂಂತಲೇ ಏನೋ ಬೆರೆಸಿ ಓಡಿಹೋದ್ಲು. ಸೋಮವಾರ ಕಂಪನಿ ಕೊಳ್ಳೋರು ಬರ್ತಿದ್ದಾರೆ. ಅಷ್ಟರಲ್ಲಿ ಅವಳನ್ನ ಹುಡುಕು. 'ನಾನೇ ಕೆಡಿಸಿದೆ' ಅಂತ ಕ್ಯಾಮೆರಾ ಮುಂದೆ ಒಂದು ಮಾತು ಹೇಳ್ಲಿ. ಸಾಕು."

ಗಾಜಿನ ಗೋಡೆಯಾಚೆ ಮೂರು ಟ್ಯಾಂಕ್ ನಿಂತಿದ್ದವು. ಹಸಿರು ದೀಪ ಮಿನುಗುತ್ತಿತ್ತು. ಮೂರನೆಯದರಿಂದ ಒಂದು ಪೈಪ್ ಬಕೆಟಿನ ನೀರಿಗೆ ಇಳಿದಿತ್ತು. ನೀರಲ್ಲಿ ಬುಳುಬುಳು ಗುಳ್ಳೆ.

"ನೋಡಿ, ಉಸಿರಾಡ್ತಿದೆ," ಅಂದ. "ಒಳಗೆ ಹುದುಗ್ತಾ ಇದೆ."

ಚೆಂದ ಇತ್ತು. ಅತಿಯಾಗಿ ಚೆಂದ ಇದ್ದದ್ದು ಕಂಡರೆ ನನಗೆ ಅನುಮಾನ.

ಹೊರಗೆ ಬಂದೆ. ಕಾಂಪೌಂಡಿಗೆ ಒತ್ತಿಕೊಂಡೇ ಪಿಳ್ಳಪ್ಪನ ಕೊಟ್ಟಿಗೆ. ನಾಲ್ಕು ಸೀಮೆಹಸು. ಮುದುಕ ಬೂಸಾ ಕಲೆಸುತ್ತಿದ್ದ.

"ಏನ್ ತಾತ, ಬೂಸಾ ಹಾಕ್ತಿದ್ದೀಯ? ಪಕ್ಕದಲ್ಲೇ ಬ್ರೂವರಿ ಇಟ್ಕೊಂಡು?"

"ಅದಕ್ಕೂ ನಮ್ ಹಸೂಗೂ ಏನಪ್ಪಾ ಸಂಬಂಧ?"

ನಿಮಗೂ ಗೊತ್ತಿರಲಿ. ಬಿಯರ್ ಮಾಡೋಕೆ ಕಾಳು ಬೇಯಿಸುತ್ತಾರೆ. ನೀರು ಬಸಿದ ಮೇಲೆ ಗುಡ್ಡೆಗಟ್ಟಲೆ ಒದ್ದೆ ಚರಟ ಉಳಿಯುತ್ತದೆ. ನಮ್ಮ ಹೊಸಕೋಟೆ ಕಡೆ ಹಸು ಕಟ್ಟಿದವರೆಲ್ಲ ಅದಕ್ಕೆ 'ಬಿಯರ್ ವೇಸ್ಟ್' ಅಂತಾರೆ. ಟ್ರಾಕ್ಟರ್ ಬಂದರೆ ಮುಗಿಬೀಳ್ತಾರೆ. ಹಾಲು ಜಾಸ್ತಿ ಕೊಡುತ್ತೆ ಅಂತ ನಮ್ಮತ್ತೆಯೇ ಜಗಳ ಆಡಿದ್ದಾಳೆ.

"ಇವರು ಕೊಡಲ್ವಾ?"

"ಒಂದು ಬುಟ್ಟೀನೂ ಕಂಡಿಲ್ಲ ಕಣಪ್ಪ. ಅಲ್ಲಿಂದ ಬರೋದೆಲ್ಲ ಹಾಡು, ವಾಂತಿ. ಅಷ್ಟೇ."

ಇಷ್ಟು ದಿನದಿಂದ ಬಿಯರ್ ಮಾಡುವ ಜಾಗ. ಒಂದು ಬುಟ್ಟಿ ಚರಟ ಇಲ್ಲ!

ಅಲ್ಲಿಂದ ನೇರ ನವ್ಯಶ್ರೀ ಮನೆಗೆ ಹೋದೆ. ತಾಯಿ ಅಮ್ಮಯಮ್ಮ ಬಾಯಿ ಬಿಡಲಿಲ್ಲ. ಆದರೂ ಮನೆಗೆ ಬಂದವನಿಗೆ ಎಳನೀರು ಕೆತ್ತಿ ಕೊಟ್ಟಳು. ಮೂಲೆಯಲ್ಲಿ ಎಳನೀರಿನ ರಾಶಿ ಇತ್ತು.

"ನಿಮ್ಮ ತೋಟದ್ದಾ ಅಮ್ಮಾ?"

"ನಮಗೆಲ್ಲಿ ತೋಟ? ಮಗಳ ಫ್ರೆಂಡು ಪ್ರಮೋದಾ ಕಳಿಸಿದ್ದು, ತ್ಯಾಮಗೊಂಡ್ಲಿಂದ..."

ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು.

ಸೋಮವಾರ ಬೆಳಗ್ಗೆ ತ್ಯಾಮಗೊಂಡ್ಲಿನಲ್ಲಿದ್ದೆ. ಕೇಳಿಕೊಂಡು ಹೋದೆ, ಪ್ರಮೋದಾಳ ಮನೆ ಸಿಕ್ಕಿತು. ನವ್ಯಶ್ರೀ ಹಿತ್ತಲಿನಲ್ಲಿ ಒಂದು ಸ್ಟೀಲ್ ಡ್ರಮ್ಮಿನ ಮುಂದೆ ಕೂತಿದ್ದಳು. ನನ್ನನ್ನು ಕಂಡದ್ದೇ ಕೈಗೆ ಕುಡುಗೋಲು ತಗೊಂಡಳು.

"ವೇಣುಗೋಪಾಲ್ ಕಳಿಸಿದ್ನಾ? ಇಲ್ಲಾ ನಮ್ಮ ಮಾವ ಕಳಿಸಿದ್ನಾ?"

"ವೇಣುಗೋಪಾಲ್. ನಿಮ್ಮ ಮಾವ ಯಾರು?"

"ನವೀನ್‌ಕುಮಾರ್. ನಮ್ಮಮ್ಮನ ತಮ್ಮ. ಜೆಸಿಬಿ ನವೀನ್ ಅಂದ್ರೆ ಎಲ್ಲರಿಗೂ ಗೊತ್ತು."

"ಬಿಯರ್ ಕೆಡಿಸಿದ್ಯಂತೆ?"

ನಕ್ಕಳು. ಖುಷಿಯ ನಗು ಅಲ್ಲ.

"ಮಾಡಿದ್ರೆ ತಾನೇ ಕೆಡಿಸೋದು? ಆ ಟ್ಯಾಂಕ್‌ಗಳಲ್ಲಿ ಒಂದು ಲೋಟ ಬಿಯರೂ ಆಗಿಲ್ಲ ಅಣ್ಣ! ಪಿಲ್ಲಗುಂಪೆಯ ಯಾವುದೋ ಶೆಡ್ಡಿಂದ ಕ್ಯಾನ್‌ಗಳು ಬರ್ತವೆ. ಬಣ್ಣ, ಎಸೆನ್ಸು ಹಾಕಿ ನಲ್ಲಿಗೆ ಜೋಡಿಸ್ತಾರೆ. ನಾನು ಬಿಳಿ ಕೋಟ್ ಹಾಕ್ಕೊಂಡು ಗಾಜಿನ ಹಿಂದೆ ಓಡಾಡ್ಬೇಕು. ಅಷ್ಟೇ ಕೆಲಸ."

"ಯಾರಿಗೂ ಹೇಳ್ಲಿಲ್ವಾ?"

"ಮಾವಂಗೆ ಹೇಳ್ದೆ. ಊರೆಲ್ಲ ತಿರುಗಿ, 'ನಮ್ಮ ರಾಗಿ, ನಮ್ಮ ಹುಡುಗಿ' ಅಂತ ಮೂಟೆ ಮೂಟೆ ರಾಗಿ ಕೊಡಿಸಿದ್ದು ಅವನೇ. ಅದು ಗೋಡೌನಲ್ಲಿ ಹುಳ ಹಿಡೀತಿದೆ. ಕೇಳಿದ್ದೇ ತಡ, ಬೀದೀಲಿ ನಿಲ್ಲಿಸಿ ಕೆನ್ನೆಗೆ ಹೊಡೆದ. 'ನೀನು ಕೆಡಿಸಿ ಅವರ ಮೇಲೆ ಹಾಕ್ತೀಯಾ' ಅಂತ. ಕಾಲು ಮುರೀತೀನಿ ಅಂದಿದ್ದಾನೆ. ಮುರೀತಾನೆ ಕೂಡ."

ಕ್ಯಾಮೆರಾ ಮುಂದೆ ಆ ಸುಳ್ಳು ಹೇಳಿದರೆ ಯಾವ ಬ್ರೂವರಿಯೂ ಅವಳನ್ನು ಗೇಟೊಳಗೆ ಬಿಡುವುದಿಲ್ಲ. ಹೇಳದಿದ್ದರೆ ಮಾವ.

ನಂಬಿದೆನಾ? ಅರ್ಧ. ಓಡಿಹೋದವರೆಲ್ಲ ನನ್ನ ಮುಂದೆ ಸಾಚಾಗಳೇ. ಖಾಲಿ ಟ್ಯಾಂಕನ್ನು ಕಣ್ಣಾರೆ ನೋಡೋಣ ಅಂತ ಹೊರಟೆ. ಫೋನಿನಲ್ಲಿ ವೇಣುಗೋಪಾಲ್‌ಗೆ, "ಇನ್ನೂ ಸಿಕ್ಕಿಲ್ಲ ಸಾರ್," ಅಂದೆ.

ಅವನೂ ನನ್ನನ್ನು ನಂಬಿರಲಿಲ್ಲ.

ಊರು ದಾಟಿ ದೊಡ್ಡಬಳ್ಳಾಪುರದ ದಾರಿ ಹಿಡಿದೆ. ಕನ್ನಡಿಯಲ್ಲಿ ಬಿಳಿ ಬೊಲೆರೊ!

ಬೈಕ್ ನಿಧಾನ ಮಾಡಿದೆ. ಅದೂ ನಿಧಾನ ಆಯಿತು.

ಎಳೆದೆ! ಅದೂ ಎಳೆಯಿತು!

ವೇಣುಗೋಪಾಲ್ ನನ್ನ ಹಿಂದೆ ಬಿಟ್ಟಿದ್ದವರ ಕೈಯಿಂದ ಬೆಳಗ್ಗೆ ತ್ಯಾಮಗೊಂಡ್ಲಿನ ಗಲ್ಲಿಗಳಲ್ಲಿ ತಪ್ಪಿಹೋಗಿದ್ದೆ ಅಂತ ಕಾಣುತ್ತದೆ. ಊರು ಗೊತ್ತಾಗಿತ್ತು, ಮನೆ ಗೊತ್ತಾಗಿರಲಿಲ್ಲ. ವಾಪಸ್ ತಿರುಗಿದರೆ ಮನೆಯೂ ಗೊತ್ತಾಗುತ್ತದೆ. ಮುಂದಕ್ಕೇ ಓಡಿಸಿದೆ. ಇಟ್ಟಿಗೆ ಲಾರಿಯ ಎಡಗಡೆ ನುಗ್ಗಿದೆ. ಕುರಿಮಂದೆ ಅಡ್ಡ ಬಂತು, ಚರಂಡಿಯ ದಂಡೆ ಏರಿ ದಾಟಿದೆ. ಬೊಲೆರೊ ಹಾರನ್ ಹಿಂದೆ ಉಳಿಯಿತು. ಗೆದ್ದೆ ಅಂದುಕೊಂಡೆ.

ಎದುರಿಗೆ ರೈಲ್ವೆ ಗೇಟ್ ಬಿತ್ತು!

ಗೂಡ್ಸ್ ಗಾಡಿ. ಡಬ್ಬಿಯ ಹಿಂದೆ ಡಬ್ಬಿ... ಮುಗಿಯೋದೇ ಇಲ್ಲ!

ಹಿಂದಿನಿಂದ ಬಂದ ಕೈ ನನ್ನ ಕಾಲರ್ ಹಿಡಿಯಿತು. ಸಲಿಕೆಯಂಥ ಕೈ.

"ಏನ್ ಗುರು, ಅರ್ಜೆಂಟಾ?" ಅಂದ ನವೀನ್‌ಕುಮಾರ್.

ಹಾಗೆ ಬಂದೆ ಮೂರನೇ ಟ್ಯಾಂಕಿನೊಳಗೆ. ಬಿಯರ್ ಆಗಷ್ಟೇ ತೆಗೆದದ್ದು, ಗ್ಯಾಸ್ ಹಾಗೇ ಇದೆ ಅಂತ ನವೀನ್ ನಂಬಿದ್ದ.

ಈಗ ಎದೆ ಸಿಡಿಯುತ್ತಿತ್ತು. ಕಿವಿಯಲ್ಲಿ ತಮಟೆ. ಎರಡು ಸಲ ತಟ್ಟಬಹುದಿತ್ತು. ತಟ್ಟಲಿಲ್ಲ. ದೊಡ್ಡತನ ಅಂದುಕೋಬೇಡಿ. ಮನೆ ತೋರಿಸಿದ ಮೇಲೆ ನನ್ನಂಥವನನ್ನು ಯಾರೂ ಉಳಿಸಿಕೊಳ್ಳುವುದಿಲ್ಲ. ಅದೂ ಅಲ್ಲದೆ... ಇವನ ಹೆದರಿಕೆಗೆ ಅವಳು ಕುಡುಗೋಲು ಹಿಡಿಯಬೇಕಾಗಿತ್ತು. ಅದು ನೆನಪಾಗಿ ರೇಗುತ್ತಿತ್ತು.

ಉಸಿರು ಬಿಟ್ಟೆ.

ಎಳೆದುಕೊಂಡೆ!

ಒಂದು.

ಎರಡು.

ಮೂರು...

ಸಾಯಲಿಲ್ಲ!

ಜೇಬಿನಿಂದ ಲೈಟರ್ ತೆಗೆದು ಹಚ್ಚಿದೆ. ಗ್ಯಾಸ್ ಇದ್ದಿದ್ದರೆ ಬೆಂಕಿ ಹತ್ತುತ್ತಲೇ ಇರಲಿಲ್ಲ. ಆದರೆ ಜ್ವಾಲೆ ದೇವರ ದೀಪದ ಹಾಗೆ ನೆಟ್ಟಗೆ ನಿಂತಿತು. ಆ ಬೆಳಕಿನಲ್ಲಿ ಗೋಡೆ ನೋಡಿದೆ. ಹೊಸ ಕಾರಿನ ಸೀಟಿನ ಮೇಲೆ ನಮ್ಮವರು ವರ್ಷಗಟ್ಟಲೆ ಕೀಳದೆ ಬಿಡ್ತಾರಲ್ಲ, ಅಂಥದೇ ಪ್ಲಾಸ್ಟಿಕ್ ಹಾಳೆ! ಫ್ಯಾಕ್ಟರಿಯಲ್ಲಿ ಅಂಟಿಸಿದ್ದು, ಹಾಗೇ ಇತ್ತು!

ಹುಡುಗಿ ಸತ್ಯ ಹೇಳಿದ್ದಳು.

ಲೈಟರ್ ಆರಿಸಿ, ಇಳಿಜಾರಿಗೆ ಬೆನ್ನು ಕೊಟ್ಟು ಕೂತೆ. ಉಸ್ ಅನ್ನಲಿಲ್ಲ.

ಸ್ವಲ್ಪ ಹೊತ್ತು ಕಳೆಯಿತು. ಆಮೇಲೆ ನವೀನನ ದನಿ. ಅದರಲ್ಲಿ ಆ ಧಿಮಾಕು ಇರಲಿಲ್ಲ.

"ಭೀಮರಾಜ್?"

ನಾನು ಸುಮ್ಮನಿದ್ದೆ.

"ಲೇ... ತಟ್ಟೋ ಮಾರಾಯ! ಹೇಳ್ದೇ ಇದ್ರೂ ಪರವಾಗಿಲ್ಲ, ಸುಮ್ನೆ ತಟ್ಟು!"

ಸುಮ್ಮನಿದ್ದೆ.

"ಅಯ್ಯೋ ಶಿವನೇ... ಹೋಗ್ಬಿಟ್ನಾ? ತೆಗೀರ್ರೋ! ಬೇಗ ತೆಗೀರ್ರೋ!"

ಕಿರ್ರ್... ಕಿರ್ರ್... ಬೆಳಕು ಒಳಗೆ ಬಿತ್ತು. ಅವನ ಮುಖ ಸುಣ್ಣದ ಗೋಡೆ ಆಗಿತ್ತು.

"ಬಾಗಿಲು ಹಾಕು ಗುರು," ಅಂದೆ. "ನಿದ್ದೆ ಬರ್ತಿತ್ತು."

"ನೀನು... ಯಾಕೆ ಸಾಯ್ಲಿಲ್ಲ?"

"ಸಾಯೋಕೆ ಗ್ಯಾಸ್ ಬೇಕು. ಗ್ಯಾಸ್ ಬರೋಕೆ ಬಿಯರ್ ಮಾಡ್ಬೇಕು. ನಿಮ್ಮ ಸಾಹುಕಾರ ಬೋರ್ಡ್ ಮಾತ್ರ ಮಾಡಿಸಿದ್ದಾನೆ. ಅದನ್ನ ಊರಲ್ಲಿ ನಂಬಿದೋನು ನೀನೊಬ್ಬನೇ."

ನನ್ನ ಕಪಾಳಕ್ಕೆ ಕೈ ಎತ್ತಿದ. ನಾನು ಬಾಗಿಲ ಹಿಂದಿನ ಪ್ಲಾಸ್ಟಿಕ್ಕನ್ನು ಪರ್ರ್ ಅಂತ ಕಿತ್ತು ಆ ಕೈಗೇ ಕೊಟ್ಟೆ.

ನೋಡಿದ. ತೂತಿನೊಳಗೆ ತಲೆ ಹಾಕಿ ಮೂಸಿದ. ಹೊರಗೆ ತೆಗೆದು ಮತ್ತೆ ಹಾಕಿದ. ಆಮೇಲೆ ಬಕೆಟಿಗೆ ಇಳಿದಿದ್ದ ಪೈಪನ್ನು ಹಿಡಿದು ಎಳೆದ. ಅದು ಟ್ಯಾಂಕಿನಿಂದ ಬಂದದ್ದೇ ಅಲ್ಲ! ಟ್ಯಾಂಕಿನ ಹಿಂದೆ ಅಂಗೈಯಷ್ಟು ದೊಡ್ಡ ಮೋಟಾರು ಗುಂಯ್‌ಗುಡುತ್ತಿತ್ತು. ಮೀನಿನ ತೊಟ್ಟಿಗೆ ಗಾಳಿ ಬಿಡುವಂಥದ್ದು.

"ಹಂಗಾದ್ರೆ ನಮ್ಮ ರಾಗಿ?"

"ಗೋಡೌನಲ್ಲಿ. ಹುಳ ತಿಂತಿದೆ."

"ನವ್ಯ ಹೇಳಿದ್ದು..."

"ನಿಜ. ನೀನು ಅವಳಿಗೆ ಹೊಡೆದಿದ್ದೂ ನಿಜ."

ಅವನು ಗಾಜಿನ ಗೋಡೆಗೆ, ಹೊರಗಿನವರಿಗೆ ಕಾಣದ ಹಾಗೆ ಎಳೆದಿದ್ದ ಪರದೆಯನ್ನು ಒಂದೇ ಏಟಿಗೆ ಕಿತ್ತು ಹಾಕಿದ.

ಆಚೆ ಕಡೆ ಕೊಳ್ಳುವವರು ನಿಂತಿದ್ದರು! ಕೈಯಲ್ಲಿ ಮಗ್. ಊಟ ಮುಗಿಸಿ ಟ್ಯಾಂಕ್ ನೋಡೋಕೆ ಬಂದವರು. ಮುಂದೆ ಒಬ್ಬ ಹೆಂಗಸು. ಚೈತ್ರ ಮೇಡಂ ಅಂತ, ಅವರೇ ಮುಖ್ಯಸ್ಥರು. ಪಕ್ಕದಲ್ಲಿ ಕೈ ಆಡಿಸುತ್ತಾ ವಿವರಿಸುತ್ತಿದ್ದ ವೇಣುಗೋಪಾಲ್. ಅಷ್ಟರಲ್ಲಿ ತೆವಳಿ ಬಂದು ಟ್ಯಾಂಕಿನ ತೂತಿನಿಂದ ಕಾಲು ಇಳಿಬಿಟ್ಟು ಕೂತಿದ್ದ ನನ್ನನ್ನು ಕಂಡು ಅವನ ಕೈ ಗಾಳಿಯಲ್ಲೇ ನಿಂತಿತು.

ನಾನು ಟಾಟಾ ಮಾಡಿದೆ.

ಬಾಗಿಲು ತೆಗೆದು ಎಲ್ಲರೂ ಒಳಗೆ ಬಂದರು.

"ಇವರು ಯಾರು?" ಅಂದರು ಚೈತ್ರ ಮೇಡಂ.

"ಕ್ಲೀನಿಂಗ್ ಸ್ಟಾಫ್," ಅಂದ ವೇಣುಗೋಪಾಲ್. ತಕ್ಷಣ! ಅವನ ತಲೆ ಮೆಚ್ಚಲೇಬೇಕು.

"ಸರಿ ಸಾರ್," ಅಂದ ನವೀನ್‌ಕುಮಾರ್. "ಈಗ ನೀವು ಇಳೀರಿ."

"ಏನು?"

"ಟ್ಯಾಂಕ್ ಒಳಕ್ಕೆ ಸಾರ್. ಇಳೀರಿ."

"ತಮಾಷೆ ಮಾಡ್ಬೇಡ ನವೀನ್. ಗ್ಯಾಸ್ ಇರುತ್ತೆ. ಅಲ್ಲಿ... ಬೋರ್ಡ್ ಹಾಕಿದೆ."

"ಇವನು ಇಷ್ಟು ಹೊತ್ತು ಒಳಗಿದ್ದ ಸಾರ್. ಸಾಯ್ಲಿಲ್ಲ. ನೀವು ಇಳಿದು ಸಾಯಿರಿ. ಆಗ ಒಪ್ಕೊತೀನಿ, ನಮ್ಮ ರಾಗಿ ಬಿಯರ್ ಆಗಿದೆ ಅಂತ."

ಚೈತ್ರ ಮೇಡಂ ನೆಲದ ಮೇಲೆ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ ನೋಡಿದರು. ಗುಂಯ್‌ಗುಡುವ ಮೋಟಾರು ನೋಡಿದರು. ಆಮೇಲೆ ತಮ್ಮ ಕೈಯಲ್ಲಿದ್ದ ಮಗ್ ನೋಡಿದರು. ಅದನ್ನು ವೇಣುಗೋಪಾಲ್ ಕೈಗೆ ಕೊಟ್ಟರು.

"ನಾಲಿಗೆ ಹಿಂದುಗಡೆ ರಾಗಿ ಬರುತ್ತೆ ಅಂದ್ರಿ, ಇನ್ನೂ ಕಾಯ್ತಾ ಇದ್ದೆ," ಅಂದು ಕಾರಿನ ಕಡೆ ನಡೆದರು.

ಸಂಜೆ ನವೀನ್‌ಕುಮಾರ್ ನನ್ನ ಗಾಡಿ ಪಕ್ಕ ನಿಂತಿದ್ದ.

"ಅಡ್ರೆಸ್ ಕೊಡು ಗುರು."

"ಯಾಕೆ? ಕಾಲು ಮುರಿಯೋಕಾ?"

"ಕಾಲು ಹಿಡಿಯೋಕೆ."

ನನಗೆ ಅನುಮಾನ. ಅವಳಿಗೇ ಫೋನ್ ಹಚ್ಚಿ ಅವನ ಕೈಗೆ ಕೊಟ್ಟೆ. ಅವನು ಬರೀ, "ನವ್ಯಾ... ಮಗಾ..." ಅನ್ನುತ್ತಿದ್ದ. ಅವಳು ಹೇಳಿದ್ದು ನನಗೂ ಕೇಳಿಸಿತು.

"ಹೊಡೆದಿದ್ದು ಬೀದೀಲಿ ಮಾವ. ತಪ್ಪಾಯ್ತು ಅನ್ನೋದೂ ಬೀದೀಲೇ ಆಗ್ಲಿ. ಊರೋರ ಮುಂದೆ. ಮೊದ್ಲು ಆ ರಾಗಿ ಅವರವರ ಮನೆಗೆ ವಾಪಸ್ ಹಾಕ್ಸು."

ಹಾಕಿಸಿದ. ಅವನೇ ಮೂಟೆ ಹೊತ್ತ. ಬೀದಿಯಲ್ಲಿ ನಿಂತು ತಪ್ಪಾಯಿತು ಅಂದ. ಪಿಳ್ಳಪ್ಪನ ಹಸುಗಳೂ ನೋಡಿದವು.

ಮುಂದಿನ ವಾರ ತ್ಯಾಮಗೊಂಡ್ಲಿಗೆ ಹೋದೆ. ನವ್ಯಶ್ರೀ ಹಿತ್ತಲಿನ ಡ್ರಮ್ಮಿನಿಂದ ಒಂದು ಲೋಟ ಬಗ್ಗಿಸಿ ಕೊಟ್ಟಳು. ಅಸಲಿ ರಾಗಿ ಬಿಯರ್. ಪ್ರಮೋದಾ ಉಸಿರು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಂಗಿದೆ ಅಣ್ಣ?"

ಕುಡಿದೆ. ಹುಳಿ ಅಂಬಲಿಗೆ ಸೋಡಾ ಹಾಕಿದ ಹಾಗಿತ್ತು. ಲೈಟರ್ ಹಚ್ಚಿ ಡ್ರಮ್ಮಿನ ಬಾಯೊಳಗೆ ಇಳಿಸಿದೆ. ಪಟ್ ಅಂತ ಆರಿಹೋಯಿತು.

"ಅಂಥದ್ದೇನಿಲ್ಲಮ್ಮ," ಅಂದೆ. "ಆದ್ರೆ ಅವತ್ತು ನನ್ನನ್ನ ಇದರೊಳಗೆ ಹಾಕಿದ್ದಿದ್ರೆ... ಖಂಡಿತ ಸತ್ತಿರ್ತಿದ್ದೆ."