ಗ್ಯಾಸ್ ಹೋದರೆ ನಕ್ಷತ್ರ ಹುಟ್ಟುವುದಿಲ್ಲ

ಬಾಗಲಕೋಟೆ ಜಿಲ್ಲೆಯಲ್ಲಿ ನನ್ನಷ್ಟು ಚೆಲುವ ಇನ್ನೊಬ್ಬನಿಲ್ಲ. ನಾನು ಹಾದುಹೋದರೆ ಬಾದಾಮಿ ಗುಹೆಯ ಕಲ್ಲಿನ ಮೂರ್ತಿಗಳೂ ಹೊರಳಿ ನೋಡುತ್ತವೆ. ಶಿವಗಂಗಾ ಮಾತ್ರ ನೋಡಲಿಲ್ಲ.

ಅವಳು ಕಾಲೇಜಿನಲ್ಲಿ ಫಿಜಿಕ್ಸ್ ಲೆಕ್ಚರರ್. ಗ್ಯಾಲಕ್ಸಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ನಾನು ಹುನಗುಂದದ ನಿಂಗರಾಜ, ಸಭೆ-ಸಮಾರಂಭಗಳಿಗೆ ಪ್ರೊಜೆಕ್ಟರ್ ಬಾಡಿಗೆ ಕೊಡುವವನು. ಅವಳ ಭಾಷಣದ ದಿನ ಪರದೆಯ ಮೇಲೊಂದು ಸುರುಳಿ ಗ್ಯಾಲಕ್ಸಿ ತಿರುಗಿತು. ಅದರ ನೀಲಿ ಬೆಳಕು ಅವಳ ಕೆನ್ನೆಗೆ ಬಿತ್ತು. ನನ್ನ ಎದೆ ಬಡಿದ ಸದ್ದಿಗೆ ಕೂಡಲಸಂಗಮದಲ್ಲಿ ಎರಡೂ ಹೊಳೆಗಳು ಗಳಿಗೆ ಹೊತ್ತು ನಿಂತವು.

“ಚಿತ್ರ ಅಲ್ಲಾಡಾಕತ್ತೈತ್ರಿ,” ಅಂದಳು.

“ಅದು ಪ್ರೊಜೆಕ್ಟರ್ ಅಲ್ರಿ ಮೇಡಂ, ನನ್ನ ಕೈ.”

ಆಗ ನೋಡಿದಳು. ತುಟಿಯ ಎಡ ತುದಿಯಲ್ಲಷ್ಟೇ ನಕ್ಕಳು.

ಮುಂದಿನ ಆರು ತಿಂಗಳಲ್ಲಿ ಇಬ್ಬರೂ ಸೇರಿ ಹತ್ತು ಸಾವಿರ ಕಪ್ ಚಹಾ ಕುಡಿದೆವು. ಕೊನೆಗೆ ಕೇಳಿಯೇಬಿಟ್ಟೆ: “ನಮ್ಮ ಮನಿಗೆ ಸೊಸಿಯಾಗಿ ಬರ್ತೀರೇನ್ರಿ?”

ಅವಳ ಮುಖ ಬಾಡಿತು. “ನಿಮ್ಮ ಮನ್ಯಾಗ ಎಷ್ಟು ಮಂದಿ?”

“ಮೂವತ್ತೊಂದು. ಕುರಿ ಬ್ಯಾರೆ.”

“ಒಂಟಿ ಗ್ಯಾಲಕ್ಸಿಯೊಳಗ ಗ್ಯಾಸಿನಿಂದ ನಕ್ಷತ್ರ ಹುಟ್ಟಕೋತ ಇರ್ತಾವ್ರಿ. ಅದು ದೊಡ್ಡ ಗುಂಪಿನ್ಯಾಗ ಬಿತ್ತಂದ್ರ, ರಾಶಿ ತೂರಿದಾಗ ಹೊಟ್ಟು ಹಾರಿದಂಗ ಅದರ ಗ್ಯಾಸ್ ಹಾರಿ ಹೋಗ್ತೈತಿ. ಗ್ಯಾಸ್ ಹೋತು, ಹೊಸ ನಕ್ಷತ್ರ ಹುಟ್ಟೂದು ನಿಂತು. ನೀಲಿ ಇದ್ದದ್ದು ಕೆಂಪಾಗ್ತೈತಿ. ನನ್ನ ಓದೂ ಹಂಗಾದ್ರ?”

ಮನೆಗೆ ಬಂದು ಅವ್ವ ಸತ್ಯವ್ವನಿಗೆ ಒಂದೇ ಉಸಿರಿನಲ್ಲಿ ಹೇಳಿದೆ: “ನಮ್ಮ ಗುಂಪಿನ್ಯಾಗ ಬಂದ್ರ ಗ್ಯಾಸ್ ಖಾಲಿ ಆಗ್ತೈತಂತ ಅಕಿಗೆ ಅಂಜಿಕಿಬೇ.”

“ಖರೆ ಐತಲೇ ನಿಂಗ್ಯಾ! ನಮಗ ಸಿಲಿಂಡರ್ ಯಾವಾಗ ಸಾಕಾಗೈತಿ?”

ಭಾನುವಾರ ಶಿವಗಂಗಾ ಬಂದಳು. ‘ಆಗೂದಿಲ್ಲ’ ಅಂತ ಹೇಳಲಿಕ್ಕೇ ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅವ್ವ ಕೈಹಿಡಿದು ಮಾಳಿಗೆಯ ಕೋಣೆಗೆ ಕರೆದೊಯ್ದಳು. ನಾನೂ ಹಿಂದೆಯೇ ಹೋದೆ. ಅಲ್ಲಿದ್ದ ಜೋಳದ ಚೀಲಗಳು ಮಾಯ! ಒಂದು ಟೇಬಲ್, ಒಂದು ಕುರ್ಚಿ. ಮೂಲೆಯಲ್ಲಿ ಹೊಸ ಒಲೆ, ತುಂಬಿದ ಸಿಲಿಂಡರ್. ಅದರ ಮೈಮೇಲೆ ಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ಶಿವಗಂಗಾ.

“ಇದು ನಿನ್ನ ಗ್ಯಾಸು, ನನ್ನವ್ವಾ. ಈ ಮನ್ಯಾಗ ಯಾರೂ ಮುಟ್ಟಂಗಿಲ್ಲ, ನಾನೂ ಮುಟ್ಟಂಗಿಲ್ಲ. ಕೋಣಿ ಕೀಲಿ ನಿನ್ನ ಕೈಯಾಗ. ಚಾ ಮಾಡ್ಕೋ, ಓದ್ಕೋ. ಕೆಳಗ ರೊಟ್ಟಿ ಬಡ್ಯಾಕ ನಾವು ಭಾಳ ಮಂದಿ ಅದೀವಿ.”

ಶಿವಗಂಗಾ ಸಿಲಿಂಡರ್ ನೋಡಿದಳು, ಕೀಲಿ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನಕ್ಕಳು ನೋಡಿ, ಆ ನಗೆಗೆ ಇಳಕಲ್ಲಿನ ಮಗ್ಗಗಳೆಲ್ಲ ತಾಳ ತಪ್ಪಿದವು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

“ಏನ್ ಹೇಳೀರಿ ಇವರಿಗೆ?”

“ನೀವು ಹೇಳಿದ್ದನ್ನ!”

ಅವಳು ಒಲೆ ಹಚ್ಚಿದಳು. ಉರಿ ಭುಗ್ಗನೆ ಎದ್ದಿತು.

“ಹೊಸ ನಕ್ಷತ್ರ ಯಾವ ಬಣ್ಣ ಇರ್ತಾವ, ಹೇಳ್ರಿ?”

“ನೀಲಿ,” ಅಂದೆ. ಹುಟ್ಟಿದಾಗಿನಿಂದ ನಾನು ಉಬ್ಬಿಸದೆ ಆಡಿದ ಮಾತು ಅದೊಂದೇ.

ಅವಳು ಉರಿಯ ಮೇಲಿಂದ ಕಣ್ಣೆತ್ತಲಿಲ್ಲ. “ಇನ್ನ ನಾವು ಮೂವತ್ತೆರಡು ಮಂದಿ ಅಲ್ರಿ? ಎಷ್ಟು ಕಪ್ ಚಾ ಇಡಲಿ?”

“ಎರಡ ಸಾಕವ್ವಾ,” ಅಂದು ಅವ್ವ ಬಾಗಿಲು ಮುಂದಕ್ಕೆಳೆದು ಕೆಳಗಿಳಿದಳು.